ಮಾಮನ ಎಡ ಹೆಗಲು

ಅಜ್ಜಿ ಹೇಳುವ ಕಥೆಗಳಲ್ಲಿ ವೀರರೆಲ್ಲ ಏನನ್ನಾದರೂ ಎತ್ತುತ್ತಾರೆ. ಒಬ್ಬ ಬೆಟ್ಟ ಎತ್ತುತ್ತಾನೆ, ಇನ್ನೊಬ್ಬ ಕೋಟೆಯ ಬಾಗಿಲನ್ನು ಕಿರುಬೆರಳಲ್ಲಿ ಎತ್ತಿ ಬದಿಗಿಡುತ್ತಾನೆ, ಮತ್ತೊಬ್ಬ ಬಾವಿಯನ್ನೇ ನೀರಿನ ಸಮೇತ ಎತ್ತಿಕೊಂಡು ಬಾಯಾರಿದ ರಾಜಕುಮಾರಿಯ ಮನೆಗೆ ನಡೆಯುತ್ತಾನೆ. ನಮ್ಮ ಮಾಮ ಎತ್ತಿದ್ದು ಹೆಗಲು. ಅದೂ ತನ್ನದೇ ಹೆಗಲು. ಆದರೂ ಒಂದು ಹೆಗಲಿನಿಂದಾಗಿ ತುಂಬಿದ ಸಭೆಯಲ್ಲಿ ಚಪ್ಪಾಳೆ ಹೊಡೆಸಿಕೊಂಡವರು ನಮ್ಮ ವಂಶದಲ್ಲಿ ಅವರೊಬ್ಬರೇ. ಬೇರೆ ವಂಶಗಳಲ್ಲೂ ಇದ್ದ ಹಾಗೆ ಕೇಳಿಲ್ಲ.

ಮಾಮ ಬಸ್ ನಿಲ್ದಾಣದ ವಿಚಾರಣೆ ಕಿಟಕಿಯ ಗುಮಾಸ್ತರು. ಆ ಕಿಟಕಿಗೆ ದಪ್ಪ ಗಾಜು, ಗಾಜಿಗೊಂದು ತೂತು, ತೂತು ಇರುವುದು ಸೊಂಟದ ಎತ್ತರದಲ್ಲಿ. ಕೇಳುವವರು ಬಗ್ಗಿ ತೂತಿಗೆ ಬಾಯಿಟ್ಟರೆ ಮಾಮನ ಮುಖ ಕಾಣುವುದಿಲ್ಲ. ನೆಟ್ಟಗೆ ನಿಂತರೆ ಮಾಮನ ಮಾತು ಕೇಳುವುದಿಲ್ಲ. ತಲೆಯ ಮೇಲೆ ಧ್ವನಿವರ್ಧಕ ಬೇರೆ ಗೊರಗೊರ ಅನ್ನುತ್ತಿರುತ್ತದೆ. ಹೀಗಾಗಿ ಆ ಕುರ್ಚಿಯಲ್ಲಿ ಕೂತವರೆಲ್ಲ ಹಿಂದಿನಿಂದಲೂ ಹೆಗಲಿನಲ್ಲೇ ಉತ್ತರ ಕೊಟ್ಟುಕೊಂಡು ಬಂದಿದ್ದಾರೆ. ಎಡ ಹೆಗಲು ಏರಿದರೆ ಬಸ್ಸು ಬಂದಿಲ್ಲ. ಬಲ ಹೆಗಲು ಏರಿದರೆ ಹೊರಟುಹೋಯಿತು. ಎರಡೂ ಏರಿದರೆ, ನನ್ನನ್ನೇನು ಕೇಳುತ್ತೀರಿ, ಮಹಡಿಯ ಮೇಲೆ ಸಾಹೇಬರಿದ್ದಾರೆ, ಅವರನ್ನು ಕೇಳಿ.

ಆ ನಿಲ್ದಾಣದಲ್ಲಿ ಬಸ್ಸುಗಳು ಹೊರಡುವುದಕ್ಕಿಂತ ಬಾರದೇ ಇರುವುದು ಹೆಚ್ಚು. ಆದ್ದರಿಂದ ಮಾಮನ ಎಡ ಹೆಗಲಿಗೆ ಬಿಡುವೆಂಬುದೇ ಇರಲಿಲ್ಲ. ಇದನ್ನು ನಾವೆಲ್ಲ ದಿನಾ ನೋಡುತ್ತಿದ್ದೆವು. ದಿನಾ ನೋಡುವುದನ್ನು ಯಾರು ನೋಡುತ್ತಾರೆ?

ಒಂದು ಬೆಳಿಗ್ಗೆ ಮಾಮನ ಕತ್ತು ಎಡಕ್ಕೆ ತಿರುಗುವುದನ್ನು ನಿಲ್ಲಿಸಿತು. ಎಡಗಡೆ ಏನಾದರೂ ನೋಡಬೇಕೆಂದರೆ ಕುರ್ಚಿಯ ಸಮೇತ ತಿರುಗಬೇಕು. ಅತ್ತೆ ಊಟಕ್ಕೆ ಕೂರುವುದು ಅವರ ಎಡಕ್ಕೆ.

"ಏನ್ರೀ, ನಾನು ಮಾತಾಡ್ತಾ ಇದ್ರೆ ಗೋಡೆ ನೋಡ್ತೀರಲ್ಲ."

"ಕತ್ತು ತಿರುಗ್ತಿಲ್ಲ ಕಣೇ."

"ಮದುವೆ ಆದಾಗಿನಿಂದ ತಿರುಗಿಲ್ಲ. ಇವತ್ತೇನು ಹೊಸದಾ."

ಹಾಗೆಂದರೂ ಅತ್ತೆ ಅದೇ ದಿನ ಅವರನ್ನು ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೊರಡಿಸಿದರು. ಚೀಲ ಹಿಡಿಯಲು ನಾನೂ ಹೋದೆ. ಅಲ್ಲಿದ್ದವರು ಒಬ್ಬ ಪ್ರೊಫೆಸರಮ್ಮ. ಕನ್ನಡಕವನ್ನು ಮೂಗಿನ ತುದಿಯಲ್ಲೂ ಮನಸ್ಸನ್ನು ಪಾಠದಲ್ಲೂ ಇಟ್ಟುಕೊಂಡವರು. ಮಾಮನ ಕತ್ತಿನ ಬುಡಕ್ಕೆ ಹೆಬ್ಬೆರಳು ಒತ್ತಿದವರು ಮಾತು ನಿಲ್ಲಿಸಿದರು. ಕನ್ನಡಕ ಹಣೆಗೇರಿಸಿ ಇನ್ನೊಮ್ಮೆ ಒತ್ತಿದರು. ಆಮೇಲೆ ಬಾಗಿಲಿಗೆ ಹೋಗಿ, "ಎಲ್ಲರೂ ಬನ್ನಿ," ಎಂದರು.

ಬಿಳಿ ಕೋಟಿನ ಹುಡುಗ ಹುಡುಗಿಯರು ಸಾಲಾಗಿ ಬಂದು ಒಬ್ಬೊಬ್ಬರೇ ಒತ್ತಿದರು. ಒತ್ತಿದವರ ಕಣ್ಣು ಅರಳಿತು. ಒಬ್ಬಳು ಒತ್ತಿ ಹೋಗಿ ಸಾಲಿನ ಕೊನೆಗೆ ಮತ್ತೆ ನಿಂತಳು.

"ಇದು ಹೆಗಲನ್ನ ಮೇಲಕ್ಕೆತ್ತುವ ಸ್ನಾಯು," ಎಂದರು ಪ್ರೊಫೆಸರಮ್ಮ. "ಕತ್ತಿನ ಮೇಲಿನ ನಾಲ್ಕು ಮೂಳೆಯಿಂದ ಹೊರಟು, ಬೆನ್ನಿನ ಹಲಗೆ ಮೂಳೆಯ ಮೂಲೆಗೆ ಬಂದು ಕಟ್ಟಿಕೊಳ್ಳುತ್ತೆ. ಬೇರೆಯವರಲ್ಲಿ ಹುಡುಕಿದ್ರೂ ಕೈಗೆ ಸಿಗೋದು ಕಷ್ಟ. ಇವರದು ಹಡಗು ಕಟ್ಟೋ ಹಗ್ಗದ ಥರ ಇದೆ. ನಾನು ಪಾಠ ಮಾಡೋಕೆ ಶುರು ಮಾಡಿದಾಗಿನಿಂದ ಇಂಥದ್ದು ನೋಡಿಲ್ಲ. ಏನ್ರೀ ಕೆಲಸ ನಿಮ್ಮದು? ಮೂಟೆ ಹೊರ್ತೀರಾ?"

"ವಿಚಾರಣೆ, ಮೇಡಂ. ಕೂತ್ಕೊಂಡೇ ಮಾಡೋದು."

"ಆಶ್ಚರ್ಯ." ಅವರು ಸ್ವಲ್ಪ ಹೊತ್ತು ಮಾಮನ ಕತ್ತನ್ನು ಪ್ರೀತಿಯಿಂದ ನೋಡಿದರು. "ಮುಂದಿನ ತಿಂಗಳು ನಮ್ಮ ಕಾಲೇಜಲ್ಲಿ ಒಂದು ಉಪನ್ಯಾಸ ಇದೆ, ದೇಹದಲ್ಲಿ ಎತ್ತುವ ಕೆಲಸ ಮಾಡೋ ಸ್ನಾಯುಗಳ ಬಗ್ಗೆ. ಊರವರೂ ಬರಬಹುದು. ನಿಮ್ಮನ್ನ ವೇದಿಕೆ ಮೇಲೆ ಕೂರಿಸಿ ತೋರಿಸ್ತೀನಿ. ಅಲ್ಲೀತನಕ ಈ ಮಾತ್ರೆ ಸಾಕು. ಏನನ್ನೂ ಬದಲಾಯಿಸಬೇಡಿ, ದಿನಾ ಏನು ಮಾಡ್ತೀರೋ ಅದನ್ನೇ ಮಾಡಿ. ಆಮೇಲೆ ವಾಸಿ ಮಾಡೋಣ."

ಅವರು ಹೇಳಿದ್ದು ಕಾಯಿಲೆಯ ವಿಷಯ. ಮಾಮನಿಗೆ ಕೇಳಿದ್ದು 'ಇಂಥದ್ದು ನೋಡಿಲ್ಲ' ಎಂಬುದು ಮಾತ್ರ. ಹೋಗುವಾಗ ನೋವಿನಿಂದ ವಾಲಿದ್ದ ಕತ್ತು ಬರುವಾಗ ಜಂಬದಿಂದ ವಾಲಿತ್ತು.

ಮಾಮನ ಸಂತೋಷ ಅರ್ಥವಾಗಬೇಕಾದರೆ ನಮ್ಮ ಮನೆಯ ಮುಂಗೋಣೆಯ ಗೋಡೆಯನ್ನು ನೋಡಬೇಕು. ಅತ್ತೆಗೊಬ್ಬ ತಮ್ಮ. ವ್ಯಾಯಾಮ ಶಾಲೆ ನಡೆಸುತ್ತಾನೆ. ಬೀದಿಯವರು ಅವನನ್ನು ಡಂಬೆಲ್ ಎಂದೇ ಕರೆಯುವುದು, ಅವನಿಗೂ ಅದು ಇಷ್ಟ. ಗೋಡೆಯ ತುಂಬ ಅವನದೇ ಫೋಟೋ: ಎಣ್ಣೆ ಹಚ್ಚಿಕೊಂಡು ತೋಳು ಮಡಿಸಿದ್ದು, ಪದಕ ಕಚ್ಚಿಕೊಂಡಿದ್ದು, ಬೆನ್ನು ತೋರಿಸಿ ಹಿಂತಿರುಗಿ ನಕ್ಕಿದ್ದು. ಮನೆ ಮಾಮನದು, ಗೋಡೆ ಡಂಬೆಲ್‌ನದು. ಮಾಮನ ಒಂದೇ ಫೋಟೋ ಇದ್ದದ್ದು ಕಚೇರಿಯ ಗುರುತಿನ ಚೀಟಿಯಲ್ಲಿ. ಅದರಲ್ಲೂ ಮೊಹರು ಬಿದ್ದು ಮೂಗು ಕಾಣುತ್ತಿರಲಿಲ್ಲ.

ಆ ಸಂಜೆ ಅತ್ತೆ ಸುತ್ತಿಗೆ ತಂದರು. ತಮ್ಮ ಪದಕ ಕಚ್ಚಿಕೊಂಡಿದ್ದ ಫೋಟೋವನ್ನು ಸ್ವಲ್ಪ ಸರಿಸಿ, ಗೋಡೆಯ ನಟ್ಟನಡುವೆ ಒಂದು ಮೊಳೆ ಹೊಡೆದರು.

"ಇದ್ಯಾಕಕ್ಕ?" ಎಂದ ಡಂಬೆಲ್.

"ನಿಮ್ಮ ಭಾವನ ಫೋಟೋಗೆ. ಕಾಲೇಜಿನಲ್ಲಿ ತೆಗೀತಾರೆ."

ಡಂಬೆಲ್‌ನ ಮೇಲ್ತುಟಿಯ ಒಂದು ಬದಿ ಮೇಲಕ್ಕೆ ಹೋಯಿತು, ಜೊತೆಗೆ ಮೂಗಿನ ಹೊಳ್ಳೆಯೂ. "ಭಾವ, ಎಲ್ಲಿ ತೋರ್ಸಿ," ಎಂದು ಬಂದು ಒತ್ತಿದ. ತುಟಿ ತಾನಾಗಿ ಕೆಳಗಿಳಿಯಿತು. ತನ್ನದನ್ನು ಮುಟ್ಟಿಕೊಂಡ. ಮತ್ತೆ ಮಾಮನದನ್ನು ಮುಟ್ಟಿದ. "ಎಷ್ಟು ಕೆಜಿ ಎತ್ತುತ್ತೆ ಇದು?"

"ಹೆಗಲನ್ನ ಎತ್ತುತ್ತೆ, ಅಷ್ಟೇ," ಎಂದರು ಮಾಮ. ಅವರು ಎಂದೂ ಸುಳ್ಳು ಹೇಳಿದವರಲ್ಲ.

ನಿಜವನ್ನೇ ಹೇಳಿದರೆ ಬೀದಿ ಸುಮ್ಮನಿರುತ್ತದೆಯೇ? "ಎಷ್ಟು ವಿನಯ ನೋಡಿ, ಹೆಗಲನ್ನ ಎತ್ತುತ್ತೆ ಅಷ್ಟೇ ಅಂತಾರೆ," ಎಂದರು ಎದುರು ಮನೆಯಾಕೆ. ಅದು ಬೀದಿಯ ತಿರುವಿಗೆ ಹೋಗುವಷ್ಟರಲ್ಲಿ ಮಾಮ ಎತ್ತಿದ್ದು ಮೇಜಾಯಿತು, ತಿರುವು ದಾಟುವಷ್ಟರಲ್ಲಿ ಪ್ರೊಫೆಸರಮ್ಮ ಕೂತಿದ್ದ ಮೇಜಾಯಿತು. ನಮ್ಮ ಕಟ್ಟಡದ ಮೂರನೇ ಮಹಡಿಗೆ ಹೊಸದಾಗಿ ಬಂದವರು ತಮ್ಮ ಕಬ್ಬಿಣದ ಬೀರುವನ್ನು ಮೆಟ್ಟಿಲ ಬಳಿ ಇಳಿಸಿ, ಕೂಲಿಯವರನ್ನು ವಾಪಸು ಕಳಿಸಿ, ಮಾಮ ಕಚೇರಿಯಿಂದ ಬರುವುದನ್ನೇ ಕಾದು ಕೂತರು. ಮಾಮ ಬೀರುವನ್ನು ನೋಡಿದರು. ಬೀರು ಮಾಮನನ್ನು ನೋಡಿತು. ಅಜ್ಜಿಯ ಕಥೆಯಾಗಿದ್ದರೆ ಬೀರುವೇ ನಾಚಿ ಮೆಟ್ಟಿಲು ಹತ್ತುತ್ತಿತ್ತು.

ಕಾಪಾಡಿದ್ದು ಅತ್ತೆ. "ಉಪನ್ಯಾಸ ಮುಗಿಯೋವರೆಗೂ ಆ ಹೆಗಲನ್ನ ಯಾರೂ ಮುಟ್ಟೋ ಹಾಗಿಲ್ಲ," ಎಂದು ಮೆಟ್ಟಿಲ ಮೇಲೆ ನಿಂತು ಸಾರಿದರು. "ಒಳ್ಳೇ ಬಟ್ಟೆನ ಯಾರಾದ್ರೂ ದಿನಾ ಹಾಕ್ಕೊಂಡು ಸವೆಸ್ತಾರಾ? ಪೆಟ್ಟಿಗೇಲಿಟ್ಟು ಹೋಗೋ ದಿನ ತೆಗೀತಾರೆ." ಆಮೇಲೆ ಒಳಗೆ ಬಂದು ಮಾಮನಿಗೆ, "ನೀವೂ ಅಷ್ಟೇ. ಸುಮ್‌ಸುಮ್ನೆ ಖರ್ಚು ಮಾಡ್ಬೇಡಿ ಅದನ್ನ," ಎಂದರು.

ಬೀರು ಮೆಟ್ಟಿಲ ಬಳಿಯೇ ಉಳಿಯಿತು. ಮಾಮ ಆ ಮಾತನ್ನು ತಲೆಯ ಮೇಲೆ ಹೊತ್ತುಕೊಂಡರು. ಏನನ್ನೂ ಬದಲಾಯಿಸಬೇಡಿ ಎಂದ ಪ್ರೊಫೆಸರಮ್ಮನ ಮಾತು ಆಸ್ಪತ್ರೆಯಲ್ಲೇ ಉಳಿಯಿತು.

ಮರುದಿನ ವಿಚಾರಣೆ ಕಿಟಕಿಯ ಮುಂದೆ ಒಬ್ಬ ಮುದುಕಿ ಬಗ್ಗಿ ತೂತಿಗೆ ಬಾಯಿಟ್ಟು ಕೇಳಿದಳು. ರೂಢಿಯ ಬಲದಿಂದ ಮಾಮನ ಎಡ ಹೆಗಲು ಹೊರಟಿತ್ತು. ಮಾಮ ಬಲಗೈಯಿಂದ ಅದನ್ನು ಹಿಡಿದು ಕೂರಿಸಿದರು. ಸ್ನಾಯು ಖರ್ಚಾಗಬಾರದು. ಬೇರೆ ದಾರಿ ಕಾಣದೆ ಎದ್ದು, ಬಾಗಿಲು ತೆರೆದು ಹೊರಗೆ ಬಂದು, ಬಾಯಿ ಬಿಟ್ಟು ಹೇಳಿದರು:

"ಅಮ್ಮಾ, ಬಂದಿಲ್ಲ."

ಮುದುಕಿ ನೆಟ್ಟಗೆ ನಿಂತಳು. "ಮಾತು ಬರುತ್ತಾ ನಿಮಗೆ? ಇಷ್ಟು ದಿನ ಪಾಪ ಅಂದ್ಕೊಂಡಿದ್ದೆ. ಯಾವಾಗ ಬರುತ್ತೆ?"

ಈ ಪ್ರಶ್ನೆಗೆ ನಿಲ್ದಾಣದ ಚರಿತ್ರೆಯಲ್ಲಿ ಯಾರೂ ಉತ್ತರ ಕೊಟ್ಟಿರಲಿಲ್ಲ. ಮಾಮ ಡ್ರೈವರುಗಳು ಚಹಾ ಕುಡಿಯುವ ಕಡೆಗೆ ನಡೆದು ಕೇಳಿಕೊಂಡು ಬಂದರು. ಅವಳು ಕಾಯುತ್ತಿದ್ದ ಬಸ್ಸು ಎಂದಿನಿಂದಲೋ ಹಿಂದಿನ ಗೇಟಿನಿಂದ ಹೊರಡುತ್ತಿತ್ತು. ಮುದುಕಿ ಅಲ್ಲಿಗೆ ಹೋದಳು, ಬಸ್ಸು ಸಿಕ್ಕಿತು, ಮಗಳ ಮನೆ ತಲುಪಿದಳು. ಹೋದಲ್ಲೆಲ್ಲ, ವಿಚಾರಣೆ ಮಾತಾಡಲು ಶುರು ಮಾಡಿದೆ ಎಂದು ಹೇಳಿದಳು.

ಅಲ್ಲಿಂದ ಮುಂದೆ ಮಾಮನಿಗೆ ಕೂರಲು ಪುರುಸೊತ್ತಿಲ್ಲ. ಗಾಜಿನ ಹೊರಗೆ ಒಂದು ಸ್ಟೂಲು ಹಾಕಿಕೊಂಡರು. ಗೊತ್ತಿಲ್ಲದ್ದನ್ನು ಕೇಳಿಕೊಂಡು ಬಂದು ಹೇಳಿದರು. ಯಾರಿಗೂ ಗೊತ್ತಿಲ್ಲದ್ದಾದರೆ ಮಹಡಿ ಹತ್ತಿ ಸಾಹೇಬರ ಕೋಣೆಗೇ ಹೋದರು.

"ಸಾರ್, ಮಧ್ಯಾಹ್ನದ ಬಸ್ಸು ಯಾಕೆ ದಿನಾ ತಡ ಅಂತ ಜನ ಕೇಳ್ತಿದ್ದಾರೆ."

ಸಾಹೇಬರು ಕಾಗದದಿಂದ ಕಣ್ಣೆತ್ತಲಿಲ್ಲ. ಎತ್ತಿದ್ದು ಹೆಗಲುಗಳನ್ನು. ಎರಡನ್ನೂ, ಕಿವಿಯ ತನಕ. ಮೇಲಧಿಕಾರಿಗಳು ಒಂದೇ ಹೆಗಲಿನಲ್ಲಿ ಉತ್ತರ ಕೊಡುವುದು ಘನತೆಗೆ ತಕ್ಕದ್ದಲ್ಲ. ಆಮೇಲೆ, "ನಿಮ್ಮ ಹೆಗಲಿನ ಸಭೆಗೆ ನನಗೂ ಕರೆ ಇದೆ. ಮುಂದಿನ ಸಾಲಲ್ಲಿ ಕುರ್ಚಿ ಹೇಳಿ," ಎಂದರು.

ಕೆಳಮನೆಯ ಟೈಲರ್ ಆ ದಿನಕ್ಕೆಂದೇ ಒಂದು ಅಂಗಿ ಹೊಲಿದ. ಎಡ ಹೆಗಲಿನ ಮೇಲೆ ಸಣ್ಣ ಕಿಟಕಿಯಂತೆ ಕತ್ತರಿಸಿ, ಅದಕ್ಕೊಂದು ಮುಚ್ಚಳ, ಮುಚ್ಚಳಕ್ಕೆ ಗುಂಡಿ. "ಪ್ರೊಫೆಸರ್ ಗುಂಡಿ ತೆಗೀಬೇಕು, ಮುಟ್ಟಬೇಕು, ಮುಚ್ಚಬೇಕು. ಅಂಗಿ ಪೂರ್ತಿ ಬಿಚ್ಚಿಸಿದ್ರೆ ನಮ್ಮ ಬೀದಿ ಮರ್ಯಾದೆ ಏನಾಗ್ಬೇಕು?" ಎಂದ. ಅಂಥ ಅಂಗಿಯನ್ನು ನಾನು ಅಜ್ಜಿಯ ಕಥೆಯ ರಾಜರ ಮೈಮೇಲೂ ಊಹಿಸಿರಲಿಲ್ಲ.

ಉಪನ್ಯಾಸ ಇನ್ನೇನು ಬಂತು ಎನ್ನುವಾಗ, ಊಟದ ಹೊತ್ತಿನಲ್ಲಿ ಅತ್ತೆ ಎಡಗಡೆಯಿಂದ, "ಉಪ್ಪು ಸಾಕಾ?" ಎಂದರು. ಮಾಮ ತಿರುಗಿ ಅತ್ತೆಯ ಮುಖ ನೋಡಿ, "ಸಾಕು," ಎಂದರು.

ಅತ್ತೆಯ ಕೈಯಿಂದ ಸೌಟು ಬಿತ್ತು.

"ತಿರುಗಿದ್ರಲ್ರೀ."

"ಹೌದಲ್ಲ," ಎಂದರು ಮಾಮ. ಇನ್ನೊಮ್ಮೆ ತಿರುಗಿದರು. ಅತ್ತೆ ಎದ್ದು ಬಂದು ಕತ್ತಿನ ಬುಡಕ್ಕೆ ಕೈ ಹಾಕಿ ತಡಕಾಡಿದರು. ಅಲ್ಲಿ ಇದ್ದದ್ದು ಯಾರ ಕತ್ತಿನಲ್ಲಾದರೂ ಇರುವಂಥ ಮೆತ್ತನೆಯ ಮಾಂಸ.

"ಹಗ್ಗ ಎಲ್ಲಿ? ಎಲ್ಲಿ ಹೋಯ್ತ್ರೀ ಹಗ್ಗ?"

ಮಾಮ ಗಾಬರಿಯಲ್ಲಿ, ಬಿದ್ದದ್ದನ್ನು ಹುಡುಕುವವರಂತೆ ತಟ್ಟೆಯ ಕೆಳಗೆ ನೋಡಿದರು. ಅಜ್ಜಿಯ ಕಥೆಯಲ್ಲಿ ರಾಕ್ಷಸನ ಪ್ರಾಣ ಗಿಳಿಯೊಳಗಿರುತ್ತದೆ. ನಮ್ಮ ಮಾಮನ ಮಾನ ಎಡ ಹೆಗಲಿನಲ್ಲಿತ್ತು. ಗಿಳಿ ಹಾರಿಹೋಗಿತ್ತು. ಗೋಡೆಯ ಮೇಲೆ ಬೋಳು ಮೊಳೆ. ಬೀದಿಗೆಲ್ಲ ಕರೆ ಹೋಗಿದೆ, ಸಾಹೇಬರಿಗೆ ಕುರ್ಚಿ ಹೇಳಿಯಾಗಿದೆ.

ಡಂಬೆಲ್ ಬಂದ. ಅವನ ಹೊಟ್ಟೆಕಿಚ್ಚು ಏನೇ ಇರಲಿ, ಸ್ನಾಯುವೊಂದು ಸಾಯುತ್ತಿದೆಯೆಂದರೆ ಸುಮ್ಮನಿರುವವನಲ್ಲ. ಮಾಮನ ಎಡಗೈಗೆ ಕಬ್ಬಿಣ ಕಟ್ಟಿದ, ಬೆಳಿಗ್ಗೆ ಸಂಜೆ ಎಣ್ಣೆ ಹಚ್ಚಿ ತಿಕ್ಕಿದ, ಹಸಿ ಮೊಟ್ಟೆ ಕುಡಿಸಿದ. ಮಾಮನ ತೋಳು ಬಾತಿತು, ಹೊಟ್ಟೆ ಕೆಟ್ಟಿತು, ಹೆಗಲು ಮಾತ್ರ ಇನ್ನಷ್ಟು ಮೆತ್ತಗಾಯಿತು.

"ಇದ್ದ ನೋವು ಹೋಯ್ತು ಅಂತ ಅಳೋ ಮನೆ ನಾನು ನೋಡಿದ್ದು ಇದೊಂದೇ," ಎಂದರು ಅಜ್ಜಿ ಮೂಲೆಯಿಂದ.

"ನಾನು ಹೋಗಲ್ಲ," ಎಂದರು ಮಾಮ. "ಹುಷಾರಿಲ್ಲ ಅಂತ ಹೇಳಿಕಳ್ಸಿ."

"ಹುಷಾರಾಗಿದ್ದೀರಲ್ಲ, ಅದೇ ಅಲ್ವಾ ಈಗ ಕಷ್ಟ," ಎಂದರು ಅತ್ತೆ.

ಟೈಲರ್ ಮಾತ್ರ ನಿಶ್ಚಿಂತನಾಗಿದ್ದ. "ಅಂಗಿ ಕೊಡಿ, ಸ್ವಲ್ಪ ಸರಿ ಮಾಡ್ಬೇಕು," ಎಂದು ಒಯ್ದವನು ಹೊರಡುವ ಹೊತ್ತಿಗೆ ತಂದುಕೊಟ್ಟ. ತೊಟ್ಟಾಗ ಮಾಮನ ಎಡ ಹೆಗಲು ಹಿಂದೆಂದಿಗಿಂತ ಉಬ್ಬಿ ಕಂಡಿತು. ಗಡಿಬಿಡಿಯಲ್ಲಿ ಯಾಕೆಂದು ಯಾರೂ ಕೇಳಲಿಲ್ಲ.

ಸಭಾಂಗಣ ತುಂಬಿತ್ತು. ಮುಂದೆ ಸಾಹೇಬರು, ಪಕ್ಕದಲ್ಲಿ ಅಜ್ಜಿ, ಅತ್ತೆ, ನಾನು, ಹಿಂದೆ ಬೀದಿಯೆಲ್ಲ, ಇನ್ನೂ ಹಿಂದೆ ನಮಗೆ ಗುರುತಿಲ್ಲದ ಬಹಳ ಜನ. ವೇದಿಕೆಯ ಮೇಲೆ ಚರ್ಮವಿಲ್ಲದ ಮನುಷ್ಯನ ದೊಡ್ಡ ಚಿತ್ರ. ಅದರ ಕೆಳಗೆ ಒಂದು ಕುರ್ಚಿ. ಕುರ್ಚಿಯಲ್ಲಿ ಬಣ್ಣ ಹೋದ ಮುಖದ ನಮ್ಮ ಮಾಮ. ಇಬ್ಬರಲ್ಲಿ ಚಿತ್ರವೇ ಹೆಚ್ಚು ಲವಲವಿಕೆಯಿಂದಿತ್ತು.

ಪ್ರೊಫೆಸರಮ್ಮ ಕೋಲಿನಿಂದ ತೋರಿಸುತ್ತ ಹೇಳಿದರು. ರೆಪ್ಪೆ ಎತ್ತಲು ಒಂದು ಸ್ನಾಯು ಇದೆ. ಅದು ಸೋತರೆ ನಿದ್ದೆ. (ಹಿಂದಿನ ಸಾಲಿನ ಕೆಲವರಲ್ಲಿ ಸೋಲುತ್ತಿತ್ತು.) ಹುಬ್ಬು ಏರಿಸಲು ಒಂದಿದೆ, ಅತ್ತೆಯಲ್ಲಿ ಅದು ಬಹಳ ಚುರುಕು. ಮೇಲ್ತುಟಿಯನ್ನೂ ಮೂಗಿನ ಹೊಳ್ಳೆಯನ್ನೂ ಒಟ್ಟಿಗೆ ಎತ್ತುವುದೊಂದಿದೆ, ತಾತ್ಸಾರ ಮಾಡಲು ಬೇಕಾದದ್ದು. ಡಂಬೆಲ್ ತನ್ನ ದೇಹದಲ್ಲಿ ತಾನು ಹೆಸರೇ ಕೇಳದ ಸ್ನಾಯುವೊಂದಿತ್ತೆಂದು ತಿಳಿದು ಮೂಗು ಮುಟ್ಟಿಕೊಂಡ. ನುಂಗುವಾಗ ಅಂಗುಳನ್ನು ಎತ್ತಲೂ ಒಂದಿದೆ. ಮಾಮ ಆಗ ಅದನ್ನೇ ಉಪಯೋಗಿಸುತ್ತಿದ್ದರು, ಪದೇ ಪದೇ.

"ಈಗ ಹೆಗಲು," ಎಂದು ಪ್ರೊಫೆಸರಮ್ಮ ಮಾಮನ ಬಳಿ ಬಂದರು. ಕಿಟಕಿಯ ಗುಂಡಿ ನೋಡಿ ಮೆಚ್ಚಿದರು. ಟೈಲರ್ ಎದ್ದು ನಿಂತು ಕೂತ. ಅವರು ಮುಚ್ಚಳ ತೆರೆದು, ಬೆರಳು ಹಾಕಿ, ಏನೋ ತೊಡಕಿದಂತಾಗಿ ಎಳೆದರು.

ಹತ್ತಿ ಬಂತು. ಇನ್ನಷ್ಟು ಎಳೆದರು. ಇನ್ನಷ್ಟು ಬಂತು. ಅದು ಮೋಡದಂತೆ ಮಾಮನ ಮಡಿಲಲ್ಲಿ ಕೂತಿತು.

ಸಭೆ ಉಸಿರು ಹಿಡಿಯಿತು. ಆಮೇಲೆ ಹಿಡಿದದ್ದನ್ನೆಲ್ಲ ಒಟ್ಟಿಗೆ ಬಿಟ್ಟಿತು. ಆ ನಗುವಿನಲ್ಲಿ ಸಾಹೇಬರ ನಗು ಎಲ್ಲಕ್ಕಿಂತ ಮೇಲೆ ಕೇಳಿತು. ಅತ್ತೆ ನೆಲ ನೋಡಿದರು. ಪ್ರೊಫೆಸರಮ್ಮ ನಗಲಿಲ್ಲ. ಬರೀ ಕತ್ತನ್ನು ಒತ್ತಿದರು, ಮತ್ತೆ ಒತ್ತಿದರು.

"ಎಲ್ಲಿ ಹೋಯಿತು? ನಿಮಗೆ ಏನನ್ನೂ ಬದಲಾಯಿಸಬೇಡಿ ಅಂದಿದ್ದೆನಲ್ಲ. ಏನು ಮಾಡಿದ್ರಿ?"

"ಏನೂ ಮಾಡಿಲ್ಲ ಮೇಡಂ," ಎಂದರು ಮಾಮ. "ಜೋಪಾನ ಮಾಡಿದೆ. ಎತ್ತಲೇ ಇಲ್ಲ. ಯಾರಾದ್ರೂ ಕೇಳಿದ್ರೆ ಎದ್ದು ಹೋಗಿ ಬಾಯಲ್ಲೇ ಹೇಳ್ತಿದ್ದೆ."

"ಮೊದಲು ಹೇಗೆ ಹೇಳ್ತಿದ್ರಿ?"

ಆಗ ಅಜ್ಜಿ ಎದ್ದು ನಿಂತರು. ಅಜ್ಜಿ ಕಥೆ ಹೇಳಲು ಎದ್ದರೆ ಯಾರೂ ಕೂರಿಸಲಾರರು.

"ನಾನು ಹೇಳ್ತೀನಿ ಕೇಳಮ್ಮ. ಇವನು ಸಣ್ಣವನಿದ್ದಾಗ ಸಕ್ಕರೆ ಡಬ್ಬ ಖಾಲಿ ಮಾಡೋದು, ಯಾರು ತಿಂದಿದ್ದು ಅಂದ್ರೆ ಹೆಗಲು ಹಾರಿಸೋದು. ಚಪ್ಪಲಿ ಎಲ್ಲಿ ಬಿಟ್ಟೆ, ಹೆಗಲು. ಪರೀಕ್ಷೆ ಏನಾಯ್ತು, ಹೆಗಲು. ದೊಡ್ಡವನಾದ, ಅದಕ್ಕೇ ಸಂಬಳ ಕೊಡೋ ಕೆಲಸ ಸಿಕ್ತು. ಬಸ್ಸು ಎಲ್ಲಿ ಅಂದ್ರೂ ಹೆಗಲೇ. ಅಷ್ಟು ಸಲ ಎತ್ತಿದ್ರೆ ಹಗ್ಗ ಏನು, ಸರಪಣಿ ಆಗಲ್ವಾ?"

ಪ್ರೊಫೆಸರಮ್ಮನ ಮುಖ ದೀಪ ಹಚ್ಚಿದಂತಾಯಿತು. ಅವರು ಸಭೆಯ ಕಡೆ ತಿರುಗಿದರು. "ಕೇಳಿದ್ರಾ? ಭಾರ ಎತ್ತಿ ಬಂದದ್ದಲ್ಲ ಇದು. ಇಷ್ಟು ವರ್ಷ 'ನಂಗೊತ್ತಿಲ್ಲ' ಅಂತ ಹಾರಿಸಿ ಹಾರಿಸಿ ಬಿಗಿದದ್ದು. ಹಾಗಾದರೆ ಯಾರ್‍ಯಾರು ಹೀಗೆ ಹಾರಿಸ್ತಾ ಬಂದಿದ್ದಾರೋ ಅವರ ಹೆಗಲಲ್ಲೂ ಇಂಥ ಹಗ್ಗ ಇರಲೇಬೇಕು."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಗಾದೆಯನ್ನು ಎಲ್ಲರೂ ಕೇಳಿದ್ದಾರೆ. ಒಂದಿಡೀ ಸಭೆ ಹಾಗೆ ಮಾಡಿದ್ದನ್ನು ಕಂಡವಳು ನಾನೊಬ್ಬಳೇ ಇರಬೇಕು. ಕೈಗಳು ತಾವಾಗಿ ಮೇಲೆ ಹೋದವು. ಎಲ್ಲರಿಗಿಂತ ಮೊದಲು ಹೋದದ್ದು ಮುಂದಿನ ಸಾಲಿನ ಸಾಹೇಬರದು. ಒಂದಲ್ಲ, ಎರಡೂ ಕೈ, ಎರಡೂ ಹೆಗಲಿಗೆ.

ಪ್ರೊಫೆಸರಮ್ಮ ವೇದಿಕೆ ಇಳಿದು ಬಂದರು. "ಮುಟ್ಟಿ ನೋಡಬಹುದಾ?"

ಸಾಹೇಬರು ಸುತ್ತ ನೋಡಿದರು. ಎಲ್ಲರ ಕಣ್ಣು ತಮ್ಮ ಮೇಲಿದೆ. "ಧಾರಾಳವಾಗಿ," ಎಂದರು.

ಒತ್ತಿದ ಪ್ರೊಫೆಸರಮ್ಮ ಕಣ್ಣು ಮುಚ್ಚಿಕೊಂಡರು, ಸಂಗೀತ ಕೇಳುವವರ ಹಾಗೆ. "ಎರಡೂ ಕಡೆ," ಎಂದು ಪಿಸುಗುಟ್ಟಿದರು. "ಒಂದೇ ಸಮ. ಯಾವ ಹುದ್ದೆಯಲ್ಲಿದ್ದೀರಿ ನೀವು?"

"ನಿಲ್ದಾಣಕ್ಕೆಲ್ಲ ನಾನೇ ಮುಖ್ಯಸ್ಥ," ಎಂದು ಸಾಹೇಬರು ಎದೆಯುಬ್ಬಿಸಿದರು. ಬಿಳಿ ಕೋಟಿನವರು ಸಾಲು ಕಟ್ಟಿದರು.

ಮಾಮ ಮೆಲ್ಲಗೆ ಎದ್ದರು. ಹತ್ತಿಯನ್ನು ಉಂಡೆ ಮಾಡಿ ಜೇಬಿಗೆ ತುರುಕಿಕೊಂಡು, ಯಾರಿಗೂ ಕಾಣದಂತೆ ಮೆಟ್ಟಿಲ ಕಡೆ ಹೊರಟರು.

"ನೀವೆಲ್ಲಿಗೆ?" ಪ್ರೊಫೆಸರಮ್ಮ ತಿರುಗಿದರು. "ಕೂತ್ಕೊಳ್ಳಿ. ಬಿಗಿದ ಹೆಗಲು ತೋರಿಸೋಕೆ ನನಗೆ ಈಗ ಊರೆಲ್ಲ ಸಿಗ್ತಾರೆ. ಸೂಜಿ ಇಲ್ಲ, ಪಟ್ಟಿ ಇಲ್ಲ, ಬಾಯಿಬಿಟ್ಟು ಉತ್ತರ ಹೇಳಿ ವಾಸಿ ಮಾಡಿಕೊಂಡವರು ನೀವೊಬ್ಬರೇ. ಇವತ್ತಿನ ಪಾಠ ನೀವೇ."

ಆಗ ಎಲ್ಲಕ್ಕಿಂತ ಹಿಂದಿನ ಸಾಲಿನಿಂದ ಒಂದು ಮುದಿ ಧ್ವನಿ ಕೇಳಿತು. "ನಮ್ಮ ವಿಚಾರಣೆಯವರು. ನನಗೆ ಬಸ್ಸು ತೋರಿಸಿದವರು." ಅವಳು ಚಪ್ಪಾಳೆ ತಟ್ಟಿದಳು. ಅವಳ ಪಕ್ಕದವನೂ ತಟ್ಟಿದ. ನಮಗೆ ಗುರುತಿಲ್ಲದ ಆ ಜನವೆಲ್ಲ, ಗಾಜಿನ ಹೊರಗೆ ಉತ್ತರ ಸಿಕ್ಕಿದವರೆಲ್ಲ, ಹೆಗಲು ಬಿಟ್ಟು ಕೈ ತಟ್ಟಿದರು. ಮಾಮ ಕುರ್ಚಿಯಲ್ಲಿ ನೆಟ್ಟಗೆ ಕೂತರು. ಆಮೇಲೆ ಕತ್ತನ್ನು ಪೂರ್ತಿ ಎಡಕ್ಕೆ ತಿರುಗಿಸಿ ಅತ್ತೆಯನ್ನು ನೋಡಿದರು. ಫೋಟೋದವನು ಅದೇ ಹೊತ್ತಿಗೆ ಗುಂಡಿ ಒತ್ತಿದ.

ಆ ಫೋಟೋ ಈಗ ನಟ್ಟನಡುವಿನ ಮೊಳೆಯ ಮೇಲಿದೆ. ಮೂಗು ಸ್ಪಷ್ಟವಾಗಿದೆ. ಯಾರೇ ಬಂದರೂ ಅತ್ತೆ, "ನೋಡಿ, ಹೇಗೆ ತಿರುಗಿದೆ," ಎನ್ನುತ್ತಾರೆ. ಬೀರುವನ್ನು ಕೊನೆಗೆ ಡಂಬೆಲ್ ಮೇಲಕ್ಕೆ ಹೊತ್ತ; ಹೊತ್ತು ಬಂದು, ಭಾವನ ಫೋಟೋದ ಕೆಳಗೆ ಕೂತು ನೀರು ಕುಡಿದ.

ಉಪನ್ಯಾಸದ ಮರುದಿನ ನಾನು ಬಸ್ಸಿಗೆಂದು ನಿಲ್ದಾಣಕ್ಕೆ ಹೋದಾಗ ಮಾಮ ಸ್ಟೂಲಿನ ಮೇಲಿದ್ದರು. ಬಿಳಿ ಕೋಟಿನ ಹುಡುಗಿಯೊಬ್ಬಳು, ಅಂದು ಸಾಲಿನಲ್ಲಿ ಎರಡು ಸಲ ನಿಂತವಳೇ, ಬಂದು ಸಾಹೇಬರು ಎಲ್ಲಿ ಸಿಗುತ್ತಾರೆಂದು ಕೇಳಿದಳು. ಮಾಮನ ಹೆಗಲು ಅಲುಗಲಿಲ್ಲ.

"ಮಹಡಿ ಹತ್ತಿ, ಎಡಗಡೆ ಎರಡನೇ ಕೋಣೆ," ಎಂದರು. "ಮುಟ್ಟಿ ನೋಡೋದಾದ್ರೆ ಮಧ್ಯಾಹ್ನದ ಬಸ್ಸು ಯಾಕೆ ತಡ ಅಂತ ಮೊದಲು ಕೇಳಿ. ಆಗ ಹಗ್ಗ ಚೆನ್ನಾಗಿ ಸಿಗುತ್ತೆ."